ಬೇಗಡೆ ಕಿರೀಟಕ್ಕೆ ಎಷ್ಟು?

ಬೆಂಗಳೂರಿನಲ್ಲಿರುವ ನನ್ನ ತಮ್ಮನ ಮಗ ಕಂಪ್ಯೂಟರಿನ ಕೆಲಸದಲ್ಲಿದ್ದಾನೆ. ಒಳ್ಳೆಯ ಸಂಬಳ, ಇನ್ನೂ ಮದುವೆಯಿಲ್ಲ. ಕಳೆದ ಮಾಘದಲ್ಲಿ ಅವನ ಮನೆಗೆ ಹೋಗಿದ್ದಾಗ ನಡುಮನೆಯ ಗೋಡೆಯುದ್ದಕ್ಕೂ ಗಾಜಿನ ಬೀರುಗಳನ್ನು ಕಂಡು, ಹುಡುಗ ಪುಸ್ತಕ ಕೂಡಿಹಾಕುತ್ತಿದ್ದಾನೆಂದು ಸಂತೋಷಪಟ್ಟು ಹತ್ತಿರ ಹೋದೆ. ಪುಸ್ತಕಗಳಲ್ಲ, ಪೆಟ್ಟಿಗೆಗಳು. ಸಿನಿಮಾಗಳಲ್ಲಿ ನಟರು ಹಿಡಿದ ಕತ್ತಿ, ತೊಟ್ಟ ಶಿರಸ್ತ್ರಾಣ, ಕೈಗೆ ಹಾಕಿದ ಉಂಗುರ, ಇವುಗಳ ಪ್ರತಿಕೃತಿಗಳು. ಒಂದು ಪೆಟ್ಟಿಗೆಯ ಮುಚ್ಚಳಕ್ಕೆ ಕೈಹಾಕಿದೆನೋ ಇಲ್ಲವೋ, "ಅಯ್ಯೋ ದೊಡ್ಡಪ್ಪ, ಸೀಲು ಒಡೀಬೇಡಿ! ಒಡೆದ್ರೆ ಅರ್ಧ ಬೆಲೆ ಹೋಯ್ತು" ಎಂದು ಓಡಿಬಂದ.

ಆ ಪೆಟ್ಟಿಗೆಯಲ್ಲಿದ್ದುದು 'ಬಾಹುಬಲಿ' ಚಿತ್ರದ ಕತ್ತಿಯ ಪ್ರತಿಕೃತಿಯಂತೆ. ನಾನು ಚನ್ನರಾಯಪಟ್ಟಣದ ಕಡೆಯವನು. ನಮ್ಮ ತಾಲ್ಲೂಕಿನ ಶ್ರವಣಬೆಳಗೊಳದಲ್ಲಿ ಬಾಹುಬಲಿಯೆಂದರೆ ಗೆದ್ದ ರಾಜ್ಯವನ್ನು ಅಣ್ಣನಿಗೆ ಬಿಟ್ಟುಕೊಟ್ಟು, ಉಟ್ಟ ಬಟ್ಟೆಯನ್ನೂ ತೊರೆದು ಸಾವಿರ ವರ್ಷದಿಂದ ಬೆಟ್ಟದ ಮೇಲೆ ನಿಂತವನು. ಅವನ ಹೆಸರಿನಲ್ಲಿ ಕತ್ತಿ, ಆ ಕತ್ತಿಗೊಂದು ಪೆಟ್ಟಿಗೆ, ಆ ಪೆಟ್ಟಿಗೆಗೊಂದು ಸೀಲು! ನಗು ಬಂತು, ಹುಡುಗನಿಗೆ ಬೇಸರವಾದೀತೆಂದು ನುಂಗಿಕೊಂಡೆ.

ನುಂಗಿಕೊಂಡದ್ದು ಒಳ್ಳೆಯದೇ ಆಯಿತು. ಆ ಸಂಜೆ ಅವನು ಈ ವ್ಯಾಪಾರದ ಗುಟ್ಟನ್ನೆಲ್ಲ ತಾಳ್ಮೆಯಿಂದ ಹೇಳಿಕೊಟ್ಟ. ಚಿತ್ರೀಕರಣದಲ್ಲಿ ನಟನೇ ಬಳಸಿದ ವಸ್ತು ಒಂದು ಬಗೆ. ಚಿತ್ರಕ್ಕಾಗಿಯೇ ತಯಾರಾಗಿ ಕ್ಯಾಮೆರಾದ ಮುಂದೆ ಬಾರದೆ ಉಳಿದದ್ದು ಇನ್ನೊಂದು ಬಗೆ. ಆಮೇಲೆ ಅಭಿಮಾನಿಗಳಿಗಾಗಿ ಮಾಡಿ ಮಾರಿದ ಪ್ರತಿಕೃತಿಗಳು. ಇವುಗಳಲ್ಲೂ ಜಾತಿಭೇದವಿದೆ: ಚಿತ್ರಸಂಸ್ಥೆಯ ಅಪ್ಪಣೆ ಪಡೆದು, ಇಂತಿಷ್ಟೇ ಎಂದು ಎಣಿಸಿ, ಪ್ರತಿಯೊಂದಕ್ಕೂ ಸಂಖ್ಯೆ ಹಾಕಿ, ಪ್ರಮಾಣಪತ್ರ ಕೊಟ್ಟು ಮಾರಿದ್ದು ಮೇಲ್ಜಾತಿ, ಅಪ್ಪಣೆಯಿಲ್ಲದೆ ಯಾರೋ ಅಚ್ಚು ಹೊಯ್ದು ಮಾರಿದ್ದು ಕೆಳಜಾತಿ. ಸಂಖ್ಯೆ ಕಡಿಮೆಯಿದ್ದು, ತಯಾರಿ ನಿಂತುಹೋಗಿ, ಚಿತ್ರದ ಮೇಲಿನ ಮೋಹ ಮಾತ್ರ ನಿಲ್ಲದಿದ್ದರೆ ಬೆಲೆ ಏರುತ್ತದೆ. ಅದೇ ವಸ್ತುವನ್ನು ಇನ್ನೂ ಚೆನ್ನಾಗಿ ಇನ್ನೊಬ್ಬ ಮಾಡಿ ಮಾರುಕಟ್ಟೆಗೆ ಬಿಟ್ಟನೆಂದರೆ ಮೊದಲಿನದರ ಬೆಲೆ ಒಂದೇ ವಾರದಲ್ಲಿ ಕುಸಿಯುತ್ತದೆ. ಇದಲ್ಲದೆ ವಸ್ತುವೇ ಕೈಕೊಡುವುದುಂಟು. ಒಳಗಿನ ಫೋಮು ಪುಡಿಯಾಗುತ್ತದೆ, ಬ್ಯಾಟರಿ ಸೋರುತ್ತದೆ, ಬಿಳಿಯ ಪ್ಲಾಸ್ಟಿಕ್ಕು ಹಳದಿ ತಿರುಗುತ್ತದೆ. "ಹಾಗಾದರೆ ಲಾಭ ಬರುವುದು ಎಷ್ಟಕ್ಕಪ್ಪ?" ಎಂದೆ. "ಹತ್ತರಲ್ಲಿ ಒಂದಕ್ಕೆ ಬಂದರೆ ಪುಣ್ಯ ದೊಡ್ಡಪ್ಪ" ಎಂದ. ನಿಜ ಹೇಳಿದನೆಂಬ ಕಾರಣಕ್ಕೆ ಅವನ ಮೇಲೆ ಗೌರವ ಬಂತು.

ಆದರೆ ಹತ್ತರಲ್ಲಿ ಆ ಒಂದರ ಕತೆ ಸಾಮಾನ್ಯವಾದುದಲ್ಲ. ೧೯೩೯ರ 'ದಿ ವಿಜರ್ಡ್ ಆಫ್ ಆಜ್' ಚಿತ್ರದಲ್ಲಿ ಹುಡುಗಿಯೊಬ್ಬಳು ತೊಡುವ ಮಾಣಿಕ್ಯದ ಪಾದರಕ್ಷೆಗಳಿವೆ. ಅದೇ ಚಿತ್ರದ ಒಂದು ಜೊತೆಯನ್ನು ೧೯೭೦ರಲ್ಲಿ ಸ್ಟುಡಿಯೋದವರು ತಮ್ಮ ಹಳೆಯ ಸಾಮಾನು ಹರಾಜು ಹಾಕಿದಾಗ ಹದಿನೈದು ಸಾವಿರ ಡಾಲರಿಗೆ ಮಾರಿದರು. ಇನ್ನೊಂದು ಜೊತೆಯನ್ನು ೨೦೦೫ರಲ್ಲಿ ಒಂದು ವಸ್ತುಸಂಗ್ರಹಾಲಯದಿಂದ ಕಳ್ಳನೊಬ್ಬ ಹಾರಿಸಿದ. ಅವನು ಅವನ್ನು ನಿಜವಾದ ಮಾಣಿಕ್ಯವೆಂದೇ ನಂಬಿದ್ದನಂತೆ. ಕದ್ದ ಮಾಲು ಕೊಳ್ಳುವವನು "ಇದು ಬರೀ ಗಾಜು" ಎಂದಾಗ ಬೇಸತ್ತು ಅವನ್ನು ಕೈಬಿಟ್ಟ. ೨೦೧೮ರಲ್ಲಿ ಪೊಲೀಸರಿಗೆ ಸಿಕ್ಕ ಆ ಗಾಜು ಮತ್ತು ಚಮಕಿಯ ಜೊತೆ ೨೦೨೪ರ ಡಿಸೆಂಬರಿನಲ್ಲಿ ಹರಾಜಿನವರ ಕಮಿಷನ್ನೂ ಸೇರಿ ಮೂರು ಕೋಟಿ ಇಪ್ಪತ್ತೈದು ಲಕ್ಷ ಡಾಲರಿಗೆ ಹೋಯಿತು. ಕಳ್ಳನಿಗೆ ತಿಳಿದಿದ್ದುದು ಕಲ್ಲಿನ ಬೆಲೆ ಮಾತ್ರ. ೧೯೪೧ರ 'ದಿ ಮಾಲ್ಟೀಸ್ ಫಾಲ್ಕನ್' ಚಿತ್ರದ ಹಕ್ಕಿಯದು ಇದಕ್ಕಿಂತ ತಮಾಷೆ. ಕತೆಯಲ್ಲಿ ಎಲ್ಲರೂ ಪ್ರಾಣ ಕೊಟ್ಟು ಹುಡುಕುವ ಆ ರತ್ನಖಚಿತ ಹಕ್ಕಿ ಕೊನೆಗೆ ಕೈಗೆ ಸಿಕ್ಕಾಗ ಸೀಸದ ನಕಲಿ. ಆ ನಕಲಿಯ ಪಾತ್ರ ವಹಿಸಿದ ಸೀಸದ ಹಕ್ಕಿ ೨೦೧೩ರಲ್ಲಿ ನಲವತ್ತು ಲಕ್ಷ ಡಾಲರಿಗೂ ಮೇಲೆ ಮಾರಾಟವಾಯಿತು.

ಇಷ್ಟು ಹೇಳಿ ಹುಡುಗ ತನ್ನ ಮನಸ್ಸಿನಲ್ಲಿದ್ದುದನ್ನು ಹೊರಗೆ ಹಾಕಿದ. "ನಿಮ್ಮ ಹಾಸನದ ಕಡೆ ಡ್ರಾಮಾ ಸೀನರಿಯವರ ಹತ್ತಿರ ಹಳೇ ಕಿರೀಟ ಇರುತ್ತಲ್ಲ ದೊಡ್ಡಪ್ಪ, 'ಬಬ್ರುವಾಹನ'ದಲ್ಲಿ ರಾಜ್‌ಕುಮಾರ್ ಹಾಕಿದಂಥದ್ದು; ಒಂದು ನೋಡಿ." ನಲವತ್ತು ವರ್ಷದಿಂದ ನಾಟಕ ನೋಡಿ ನಾಲ್ಕು ಮಾತು ಬರೆಯುವ ನಾನು ಆ ತನಕ ಒಂದು ಕಿರೀಟವನ್ನು ಕೈಯಲ್ಲಿ ಹಿಡಿದು ನೋಡಿರಲಿಲ್ಲ. ಸರಿ, ನೋಡೋಣವೆಂದೆ.

ನಮ್ಮ ಕಡೆಯ ಪರಿಚಯವಿಲ್ಲದ ವಾಚಕರಿಗಾಗಿ ಒಂದು ಮಾತು. ಹಾಸನ, ಮಂಡ್ಯ, ತುಮಕೂರು ಸೀಮೆಯ ಹಳ್ಳಿಗಳಲ್ಲಿ ಪೌರಾಣಿಕ ನಾಟಕವೆಂಬುದು ಸತ್ತಿಲ್ಲ. ಸುಗ್ಗಿ ಮುಗಿಯಿತೆಂದರೆ ಊರೂರಿನಲ್ಲಿ 'ಕುರುಕ್ಷೇತ್ರ'. ಹಾರ್ಮೋನಿಯಂ ಮೇಷ್ಟ್ರು ತಿಂಗಳುಗಟ್ಟಲೆ ಕಲಿಸುತ್ತಾರೆ. ಪಾತ್ರ ಬೇಕಾದವನು ಹಣ ಕಟ್ಟಬೇಕು. ದುರ್ಯೋಧನ, ಕೃಷ್ಣ ಎಂದರೆ ಹೆಚ್ಚು, ವಿದುರ ಎಂದರೆ ಕಡಿಮೆ. ಧರ್ಮಕ್ಕಿಂತ ಛಲಕ್ಕೆ ಗಿರಾಕಿ ಹೆಚ್ಚೆಂದು ವ್ಯಾಸರಿಗೆ ತಿಳಿದಿತ್ತೋ ಇಲ್ಲವೋ, ನಮ್ಮ ಮೇಷ್ಟ್ರುಗಳಿಗೆ ತಿಳಿದಿದೆ. ನಾಟಕದ ದಿನ ಪರದೆ, ಸಿಂಹಾಸನ, ಉಡುಪು, ಕಿರೀಟ, ಗದೆ, ದೀಪ ಎಲ್ಲವನ್ನೂ ಲಾರಿಯಲ್ಲಿ ತಂದು ಬೆಳಗಾಗುವಾಗ ಮಡಚಿಕೊಂಡು ಹೋಗುವವರೇ 'ಡ್ರಾಮಾ ಸೀನರಿ'ಯವರು.

ಹೊಳೆನರಸೀಪುರದ ಅಂಥ ಒಂದು ಮನೆಗೆ ನನ್ನನ್ನು ಸ್ನೇಹಿತರೊಬ್ಬರು ಕಳುಹಿಸಿದರು. ಮನೆಯ ಹಿಂದೆ ಹೆಂಚಿನ ಕೊಟ್ಟಿಗೆ. ಒಂದು ಕಾಲದಲ್ಲಿ ಎಮ್ಮೆ ಕಟ್ಟುತ್ತಿದ್ದಿರಬೇಕು, ಈಗ ಹದಿನೆಂಟು ಅಕ್ಷೋಹಿಣಿ. ಗೋಡೆಗೆ ಒರಗಿಸಿದ ಅರಮನೆ, ಸುರುಳಿ ಸುತ್ತಿದ ಕಾಡು, ತೊಲೆಗೆ ನೇತುಹಾಕಿದ ಗದೆಗಳು. ಯಜಮಾನರಿಗೆ ಎಪ್ಪತ್ತು ದಾಟಿದೆ. ಅವರ ತಂದೆಯೂ ಇದೇ ಕಸುಬಿನವರು. ಮಗ ಹಾಸನದಲ್ಲಿ ಮೊಬೈಲ್ ಅಂಗಡಿ ಇಟ್ಟಿದ್ದಾನೆ, ಅವನಿಗೆ ಈ ಕೊಟ್ಟಿಗೆ ಬೇಡ.

ಕಿರೀಟಗಳು ಎರಡು ಬಗೆ. ಹೊಸವು ಫೈಬರಿನವು. ಬೆಂಗಳೂರಿನಲ್ಲಿ ಅಚ್ಚು ಹೊಯ್ದು ಚಿನ್ನದ ಬಣ್ಣ ಹೊಡೆದು ಕೊಡುತ್ತಾರೆ. ಹಳೆಯವು ಅವರ ತಂದೆಯ ಕಾಲದವು. ರಟ್ಟನ್ನು ನೆನೆಸಿ ಮರದ ಬುರುಡೆಯ ಮೇಲೆ ಬಗ್ಗಿಸಿ, ಹುಣಸೆ ಬೀಜದ ಅಂಟಿನಲ್ಲಿ ಹಳೆಯ ಬಟ್ಟೆಯನ್ನು ಪದರಪದರವಾಗಿ ಹಚ್ಚಿ, ಒಣಗಿದ ಮೇಲೆ ಬೇಗಡೆ ಅಂಟಿಸಿ, ಗಾಜಿನ ಹರಳು, ಕನ್ನಡಿ ಚೂರು ಕೂರಿಸಿ ಮಾಡಿದ್ದು. ಒಂದನ್ನು ನನ್ನ ಕೈಗೆ ಕೊಟ್ಟರು. ಆನೆ ಎತ್ತುವೆನೆಂದು ಕೈ ಚಾಚಿದವನಿಗೆ ಗುಬ್ಬಿ ಬಂದು ಕೂತಂತಾಯಿತು, ಅಷ್ಟು ಹಗುರ. ಒಳಗಡೆ ಕೆಂಪು ಅರಿವೆಯ ಅಸ್ತರು. ಎಷ್ಟೋ ಜನ ದುರ್ಯೋಧನರ ಬೆವರು, ಎಣ್ಣೆ, ಬಣ್ಣ ಕುಡಿದು ಅದು ಚರ್ಮದಂತೆ ಆಗಿದೆ.

"ಇದಕ್ಕೆ ಎಷ್ಟು ಹೇಳ್ತೀರಿ?" ಎಂದು ಕೇಳಿದೆ.

"ಬಾಡಿಗೆಗೋ, ಕ್ರಯಕ್ಕೋ?"

"ಕ್ರಯಕ್ಕೆ."

ಯಜಮಾನರು ನನ್ನನ್ನು ಒಂದು ಸಲ ನೋಡಿದರು. "ಕ್ರಯಕ್ಕೆ ಅದಕ್ಕೆ ಬೆಲೆಯೇ ಇಲ್ಲ ಸ್ವಾಮಿ. ಹೋದ ವರ್ಷ ಗುಜರಿಯವನ್ನ ಕರೆಸಿದ್ದ ನಮ್ಮ ಹುಡುಗ. ಹಿತ್ತಾಳೆ ಕಾಲು ತೂಕ ಹಾಕ್ದ, ಕಬ್ಬಿಣ ತೂಕ ಹಾಕ್ದ. ಕಿರೀಟ ಎಲ್ಲಾ ಸೇರಿ ರಟ್ಟಿನ ರೇಟು ಅಂದ. ಫೈಬರ್‌ದನ್ನ ಮುಟ್ಲೇ ಇಲ್ಲ. ಸುಡಕ್ಕೂ ಆಗಲ್ಲ, ಕರಗ್ಸಕ್ಕೂ ಆಗಲ್ಲ ಅಂದ್ಬಿಟ್ಟ."

ಆದರೆ ಬಾಡಿಗೆಯ ಲೆಕ್ಕ ಬೇರೆ. ರಟ್ಟಿನ ಆ ಕಿರೀಟ ತನ್ನ ಖರ್ಚನ್ನು ಮೊದಲ ಎರಡು ಸುಗ್ಗಿಯಲ್ಲೇ ತೀರಿಸಿ, ಆಮೇಲೆ ಐವತ್ತು ವರ್ಷ ಒಂದು ಸಂಸಾರವನ್ನು ಸಾಕಿದೆ. ನಮ್ಮ ಹುಡುಗನ ಪೆಟ್ಟಿಗೆಯ ಕತ್ತಿ ಮುಟ್ಟದೆ ಇದ್ದರೆ ಮಾತ್ರ ಬೆಲೆ ಉಳಿಸಿಕೊಳ್ಳುತ್ತದೆ; ಇದು ಮುಟ್ಟಿಸಿಕೊಂಡೇ ಸಂಪಾದಿಸಿತು. ಈ ಎರಡರಲ್ಲಿ ಯಾವುದು ವ್ಯಾಪಾರ, ಯಾವುದು ಮೋಹ ಎಂದು ನಾನು ಬಸ್ಸಿನಲ್ಲಿ ಕೂತು ತುಂಬಾ ಹೊತ್ತು ಯೋಚಿಸಿದೆ. ಹುಡುಗನನ್ನು ಬೈಯುವುದು ಸುಲಭ. ಆದರೆ ಅವನು ಕೊಟ್ಟಷ್ಟು ಗಮನವನ್ನು ಒಂದು ಕಿರೀಟಕ್ಕೆ ನಾನು ಎಂದೂ ಕೊಟ್ಟಿರಲಿಲ್ಲವಲ್ಲ.

ಆ ಗಮನವಿಟ್ಟುಕೊಂಡೇ ಮುಂದಿನ ವಾರ ಹಾಸನಾಂಬ ಕಲಾಕ್ಷೇತ್ರದಲ್ಲಿ ಒಂದು 'ಕುರುಕ್ಷೇತ್ರ' ನೋಡಿದೆ. ಹಾಡುಗಾರಿಕೆಯ ಬಗ್ಗೆ ಬೇರೆ ಕಡೆ ಬರೆದಿದ್ದೇನೆ. ಇಲ್ಲಿ ಕಿರೀಟದ ವಿಚಾರ ಮಾತ್ರ. ದುರ್ಯೋಧನನ ತಲೆಯ ಮೇಲಿದ್ದುದು ಹೊಸ ಫೈಬರ್ ಕಿರೀಟ, ೨೦೧೯ರ 'ಕುರುಕ್ಷೇತ್ರ' ಚಿತ್ರ ಬಂದ ಮೇಲೆ ಚಾಲ್ತಿಗೆ ಬಂದ ಬಗೆಯದು. ಕೈಯಲ್ಲಿ ಅದಕ್ಕೆ ತಕ್ಕ ಗದೆ. ರಂಗದ ಮೇಲೆ ಬಂದ ಕೂಡಲೇ ಶಿಳ್ಳೆ ಬಿತ್ತು. ಹತ್ತು ನಿಮಿಷ ಕಳೆಯುವುದರಲ್ಲಿ ನನಗೆ ಕಾಣಿಸಿದ್ದೇನೆಂದರೆ, ಈ ದುರ್ಯೋಧನ ತಲೆ ತಿರುಗಿಸುತ್ತಿಲ್ಲ. ಶಕುನಿಯ ಕಡೆ ನೋಡಬೇಕಾದರೆ ಇಡೀ ಮೈಯನ್ನೇ ತಿರುಗಿಸುತ್ತಾನೆ, ಹೊಸದಾಗಿ ನೊಗ ಹೊತ್ತ ಹೋರಿಯ ಹಾಗೆ. ತಾರಸ್ಥಾಯಿಗೆ ಹೋಗಬೇಕಾದಲ್ಲಿ ಕತ್ತು ಎತ್ತಲಾರದೆ ಸ್ವರವನ್ನು ಅಲ್ಲಿಯೇ ಮುರಿಯುತ್ತಾನೆ. ಪಾಪ, ಆತ ಒಳ್ಳೆಯ ಹಾಡುಗಾರ. ಭಾರವಿದ್ದುದು ತಲೆಯ ಮೇಲೆ.

ಸಿನಿಮಾದ ಕಿರೀಟ ಕ್ಯಾಮೆರಾಕ್ಕಾಗಿ ಮಾಡಿದ್ದು. ನಟ ಅದನ್ನು ಒಂದು ಷಾಟಿನಷ್ಟು ಹೊತ್ತು ಹೊತ್ತು, 'ಕಟ್' ಎಂದ ಕೂಡಲೇ ತೆಗೆದಿಡುತ್ತಾನೆ. ಕ್ಯಾಮೆರಾ ಒಂದು ಮೊಳ ದೂರಕ್ಕೆ ಬರುವುದರಿಂದ ಸಣ್ಣ ಬಳ್ಳಿ, ಸಣ್ಣ ಹೂವು ಎಲ್ಲ ಕೆತ್ತಬೇಕು. ನಮ್ಮ ನಾಟಕದ ದುರ್ಯೋಧನ ರಾತ್ರಿ ಹತ್ತಕ್ಕೆ ಕಿರೀಟ ಧರಿಸಿದರೆ ಬೆಳಗಿನ ಜಾವಕ್ಕೆ ತೊಡೆ ಮುರಿಸಿಕೊಳ್ಳುವವರೆಗೆ ಅದನ್ನು ಹೊತ್ತು ಹಾಡಬೇಕು. ಕೊನೆಯ ಸಾಲಿನಲ್ಲಿ ಚಾಪೆಯ ಮೇಲೆ ಕೂತ ಅಜ್ಜಿಗೆ ಸಣ್ಣ ಬಳ್ಳಿ ಕಾಣುವುದಿಲ್ಲ. ಹೊಳೆಯುವುದು ಮಾತ್ರ ಕಾಣುತ್ತದೆ. ಹಳೆಯ ಕಸಬುದಾರ ಇದನ್ನು ಬಲ್ಲ. ಅದಕ್ಕೇ ಅವನು ಹರಳುಗಳನ್ನು ಅಡಿಕೆಯಷ್ಟು ದಪ್ಪವಿಟ್ಟ. ಕನ್ನಡಿ ಚೂರುಗಳನ್ನು ಸ್ವಲ್ಪ ಸ್ವಲ್ಪ ಓರೆಯಾಗಿ ಕೂರಿಸಿದ, ತಲೆ ಅಲುಗಿದಾಗಲೆಲ್ಲ ಗ್ಯಾಸ್‌ಲೈಟಿನ ಬೆಳಕು ಒಂದೊಂದು ಕಡೆ ಚಿಮ್ಮಲೆಂದು. ಫೈಬರಿನ ಮೇಲೆ ಹೊಡೆದ ಬಣ್ಣ ಎಲ್ಲ ಕಡೆಯಿಂದಲೂ ಒಂದೇ ಸಮನಾಗಿ ಹಳದಿ. ಗದೆಯ ಸಂಗತಿಯನ್ನು ಹೇಳದಿರುವುದೇ ಮೇಲು. ಭೀಮನ ಕೈತಪ್ಪಿ ಅದು ಕೆಳಗೆ ಬಿದ್ದಾಗ ಖಾಲಿ ಬಿಂದಿಗೆ ಬಿದ್ದ ಸದ್ದಾಯಿತು, ಸಭೆ ನಕ್ಕಿತು, ಗಾಂಧಾರಿಯೂ ನಕ್ಕಳೆಂದು ನನ್ನ ಸಂದೇಹ.

ಇಷ್ಟು ಹೇಳಿದ ಮಾತ್ರಕ್ಕೆ ಸಿನಿಮಾ ನಾಟಕವನ್ನು ಕೆಡಿಸಿತೆಂಬ ಹಳೆಯ ರಾಗವನ್ನು ನಾನು ಎಳೆಯುತ್ತಿಲ್ಲ. ನಕಲು ಯಾವುದು, ಅಸಲು ಯಾವುದು ಎಂಬುದು ಇಲ್ಲಿ ಅಷ್ಟು ಸುಲಭವಾಗಿ ತೀರ್ಮಾನವಾಗುವುದಿಲ್ಲ. ಗುಬ್ಬಿ ಕಂಪನಿ ೧೯೩೦ರ ದಶಕದಲ್ಲಿ ಬಿ. ಪುಟ್ಟಸ್ವಾಮಯ್ಯನವರ 'ಕುರುಕ್ಷೇತ್ರ'ವನ್ನು ನಿಜವಾದ ಆನೆ ಕುದುರೆಗಳೊಡನೆ ಆಡಿತು. ೧೯೩೪ರಲ್ಲಿ ಬಂದ ಕನ್ನಡದ ಮೊದಲ ವಾಕ್ಚಿತ್ರ 'ಸತಿ ಸುಲೋಚನ'ದ ರಾವಣ ಆರ್. ನಾಗೇಂದ್ರರಾಯರು, ಇಂದ್ರಜಿತು ಸುಬ್ಬಯ್ಯನಾಯ್ಡು, ಇಬ್ಬರೂ ನಾಟಕದವರು. ರಾಜ್‌ಕುಮಾರ್ ಗುಬ್ಬಿ ಕಂಪನಿಯಿಂದ ೧೯೫೪ರ 'ಬೇಡರ ಕಣ್ಣಪ್ಪ'ಕ್ಕೆ ಬಂದವರು. ೧೯೭೭ರ 'ಬಬ್ರುವಾಹನ'ದಲ್ಲಿ ಅವರ ತಲೆಯ ಮೇಲೆ ಕಂಡ ಕಿರೀಟದ ಹಿಂದೆ ಇರುವುದೂ ಕಂಪನಿ ನಾಟಕದ ಪದ್ಧತಿಯೇ. ನಾಟಕದಿಂದ ಸಿನಿಮಾಕ್ಕೆ ಹೋದ ಕಿರೀಟ ಈಗ ಫೈಬರಾಗಿ ನಾಟಕಕ್ಕೆ ಮರಳುತ್ತಿದೆ. ನಮ್ಮ ಹುಡುಗ ಅದನ್ನು ಸಿನಿಮಾದ ಹೆಸರಿನಲ್ಲಿ ನಾಟಕದವರ ಬಳಿ ಹುಡುಕುತ್ತಿದ್ದಾನೆ. 'ಸತಿ ಸುಲೋಚನ'ದ ಒಂದು ಪ್ರತಿಯೂ ಉಳಿದಿಲ್ಲವೆಂಬುದನ್ನು ಇಲ್ಲಿ ನೆನೆಯಬೇಕು. ಆ ರಾವಣನ ಕಿರೀಟವೇ ಇವತ್ತು ಯಾರದಾದರೂ ಅಟ್ಟದ ಮೇಲೆ ಸಿಕ್ಕಿತೆನ್ನಿ; ಅದು ಅದೇ ಎಂದು ಹೇಳುವವರು ಯಾರು? ಹೋಲಿಸಿ ನೋಡಲು ಚಿತ್ರವೇ ಇಲ್ಲ.

ನನ್ನ ತಕರಾರಿರುವುದು ಇಲ್ಲಿಯೇ. ಅದು ಹೆಚ್ಚಾಗಿ ನನ್ನಂಥವರ ಮೇಲೆ. ಚನ್ನರಾಯಪಟ್ಟಣ ತಾಲ್ಲೂಕಿನ ನುಗ್ಗೇಹಳ್ಳಿಯಲ್ಲಿ ೧೨೪೬ರ ಲಕ್ಷ್ಮೀನರಸಿಂಹ ದೇವಾಲಯವಿದೆ. ಅಲ್ಲಿ ಕೆಲಸ ಮಾಡಿದ ಬೈಚೋಜ, ಮಲ್ಲಿತಮ್ಮ ಎಂಬ ಶಿಲ್ಪಿಗಳು ತಾವು ಕಡೆದ ವಿಗ್ರಹಗಳ ಕೆಳಗೆ ತಮ್ಮ ಹೆಸರು ಕೊರೆದು ಹೋಗಿದ್ದಾರೆ. ಎಂಟು ನೂರು ವರ್ಷದ ಮೇಲೆ ಇವತ್ತಿಗೂ ಅಲ್ಲಿ ನಿಂತು, ಇದು ಬೈಚೋಜನ ಕೈ, ಇದು ಮಲ್ಲಿತಮ್ಮನ ಕೈ ಎಂದು ನಾವು ಚರ್ಚೆ ಮಾಡಬಹುದು. ಹೊಳೆನರಸೀಪುರದ ಆ ಕಿರೀಟ ಮಾಡಿದವನ ಹೆಸರು ಅವನ ಮಗನನ್ನು ಬಿಟ್ಟರೆ ಯಾರಿಗೂ ಗೊತ್ತಿಲ್ಲ. ನಟನ ಬಗ್ಗೆ ಬರೆದೆವು, ಸಂಗೀತದ ಬಗ್ಗೆ ಬರೆದೆವು. 'ವೇಷಭೂಷಣ, ರಂಗಸಜ್ಜಿಕೆ ಚೆನ್ನಾಗಿದ್ದವು' ಎಂದು ಕೊನೆಯಲ್ಲಿ ಒಂದು ಸಾಲು. ನಾನೇ ಆ ಸಾಲನ್ನು ನೂರು ಸಲ ಬರೆದಿರಬಹುದು. ಅರಕಲಗೂಡಿನ ಹೆಸರನ್ನು ತಮ್ಮ ಹೆಸರಿನ ಮುಂದೆ ಹೊತ್ತ ಅ.ನ.ಕೃ. ಅವರು 'ನಟಸಾರ್ವಭೌಮ' ಬರೆದು ನಟನಿಗೊಂದು ಕಾದಂಬರಿ ಕೊಟ್ಟರು. ಕಿರೀಟ ಕಟ್ಟಿದವನಿಗೆ ಒಂದು ಪ್ಯಾರಾ ಕೊಡಲೂ ನಮ್ಮಿಂದ ಆಗಲಿಲ್ಲ. ಪಾದರಕ್ಷೆಗೆ ಮೂರು ಕೋಟಿ ಡಾಲರು ಬಂದದ್ದು ಚಮಕಿಯಿಂದಲ್ಲ. ಅದು ಯಾವುದು, ಯಾರು ತೊಟ್ಟದ್ದು, ಅಲ್ಲಿಂದ ಎಲ್ಲೆಲ್ಲಿ ಹೋಯಿತು ಎಂಬ ಬರಹ ಅದರ ಹಿಂದೆ ಇದ್ದುದರಿಂದ. ನಮ್ಮ ಕಿರೀಟಕ್ಕೆ ರಟ್ಟಿನ ರೇಟು ಬಂದದ್ದು ಆ ಬರಹ ಇಲ್ಲದ್ದರಿಂದ.

ಇಲ್ಲವೆಂದು ನಾನು ಹಾಗೆ ಭಾವಿಸಿದ್ದೆ.

ಹುಡುಗ ಒಂದು ಭಾನುವಾರ ರೈಲಿನಲ್ಲಿ ಬಂದ. ಅವನನ್ನು ಹೊಳೆನರಸೀಪುರಕ್ಕೆ ಕರೆದುಕೊಂಡು ಹೋದೆ. ಕಿರೀಟವನ್ನು ಕಂಡದ್ದೇ ಅವನ ಮುಖ ಬದಲಾಯಿತು. ಎರಡು ಕೈಯಲ್ಲೂ ಹಿಡಿದು ಸುತ್ತಲೂ ತಿರುಗಿಸಿ ನೋಡಿದ. ಹತ್ತು ಸಾವಿರ ಕೊಡುತ್ತೇನೆಂದ. ಆಮೇಲೆ ತನ್ನ ವ್ಯಾಪಾರದ ಪದ್ಧತಿಯಂತೆ, "ಇದನ್ನ ಯಾರ್ ಯಾರು ಹಾಕಿದ್ರು ಅನ್ನೋಕೆ ಏನಾದ್ರೂ ದಾಖಲೆ ಇದೆಯಾ ತಾತ?" ಎಂದು ಕೇಳಿದ.

"ದಾಖಲೆ ಅಂದ್ರೆ? ಬಾಡಿಗೆ ಪುಸ್ತಕ ಐತೆ" ಎಂದರು ಯಜಮಾನರು.

ಸಿಂಹಾಸನದ ಕೆಳಗಿನಿಂದ ಮೂರು ಪುಸ್ತಕ ಬಂದವು. ಕೆಂಪು ಬಟ್ಟೆಯ ರಟ್ಟು, ಉದ್ದನೆಯ ಹಾಳೆ. ತೆರೆದೆ. ತಾರೀಖು, ಊರು, ನಾಟಕ, ಮುಂಗಡ, ಬಾಕಿ, ತೆಗೆದುಕೊಂಡು ಹೋದ ಸಾಮಾನು. 'ದೊಡ್ಡ ಕಿರೀಟ ೧, ಗದೆ ೨, ಬಿಲ್ಲು ೪.' ಪಕ್ಕದಲ್ಲಿ ಸಣ್ಣ ಅಕ್ಷರದಲ್ಲಿ ದುರ್ಯೋಧನನ ಪಾತ್ರಧಾರಿಯ ಹೆಸರು. ಕಿರೀಟಕ್ಕೆ ಏನಾದರೂ ಆದರೆ ಕೇಳುವುದು ಅವನನ್ನೇ ಅಲ್ಲವೆ? ಒಬ್ಬ ಶಾಲೆಯ ಮೇಷ್ಟ್ರು, ಒಬ್ಬ ಬಸ್ಸಿನ ಕಂಡಕ್ಟರು, ಒಂದೇ ಊರಿನ ಅಪ್ಪ, ಇಪ್ಪತ್ತು ವರ್ಷದ ಮೇಲೆ ಅವನ ಮಗ. ಒಂದು ಕಡೆ 'ಎಡಗಡೆ ಹರಳು ಹೋಗಿದೆ, ದಂಡ ವಸೂಲು' ಎಂದಿತ್ತು. ಹುಡುಗ ಕಿರೀಟವನ್ನು ತಿರುಗಿಸಿ ನೋಡಿದ. ಎಡಗಡೆ ಒಂದು ಹರಳು ಮಾತ್ರ ಬೇರೆ ಬಣ್ಣ.

"ತಾತ, ಈ ಪುಸ್ತಕ ಇಲ್ಲದೆ ಕಿರೀಟಕ್ಕೆ ಹತ್ತು, ಪುಸ್ತಕದ ಸಮೇತ ನಲವತ್ತು ಕೊಡ್ತೀನಿ" ಎಂದ ಹುಡುಗ. ಅವನ ಧ್ವನಿ ಸ್ವಲ್ಪ ನಡುಗುತ್ತಿತ್ತು.

"ಇನ್ನೂ ಒಂಬತ್ತು ಇದ್ವು ಕಣಪ್ಪ" ಎಂದರು ಯಜಮಾನರು. "ನಮ್ಮಪ್ಪಂದು. ಮೊದಲ್ನೇದ್ರಿಂದ ಎಲ್ಲಾ. ಹೋದ ವರ್ಷ ಆ ಗುಜರಿಯವನು ಬಂದಾಗ ಕಾಗದದ ಲೆಕ್ಕದಲ್ಲಿ ಹೋದ್ವು. ಕಡ್ಲೇಕಾಯಿ ಪೊಟ್ಟಣಕ್ಕೆ ಚೆನ್ನಾಗ್ ಬರುತ್ತೆ, ಗಟ್ಟಿ ಕಾಗದ ಅಂದ."

ನಾವು ಮೂವರೂ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಹುಡುಗ ದುಡ್ಡಿನ ಮಾತು ಮತ್ತೆ ಎತ್ತಿದಾಗ ಯಜಮಾನರು ತಲೆಯಾಡಿಸಿದರು. ಕೊಡುವುದಿಲ್ಲವೆಂದಲ್ಲ, ಈಗ ಆಗುವುದಿಲ್ಲ. ಶುಕ್ರವಾರ ಅರಕಲಗೂಡಿನ ಹತ್ತಿರ ಒಂದು ಹಳ್ಳಿಯಲ್ಲಿ ನಾಟಕ, ಮುಂಗಡ ತೆಗೆದುಕೊಂಡಾಗಿದೆ. ಆ ದುರ್ಯೋಧನ ಫೈಬರಿನದನ್ನು ಒಂದು ಸಲ ಹಾಕಿ ನೋಡಿ, ಕತ್ತು ನೋಯುತ್ತದೆ, ಹಳೆಯದೇ ಬೇಕೆಂದು ಹಟ ಹಿಡಿದಿದ್ದಾನಂತೆ. ಸುಗ್ಗಿ ಮುಗಿಯಲಿ, ಯುಗಾದಿ ಕಳೆದ ಮೇಲೆ ಬನ್ನಿ, ನೋಡೋಣ.

ಹುಡುಗ ಮೂರು ಪುಸ್ತಕದ ಪ್ರತಿಯೊಂದು ಹಾಳೆಯನ್ನೂ ತನ್ನ ಮೊಬೈಲಿನಲ್ಲಿ ಫೋಟೋ ತೆಗೆಯಲು ಕೂತ. ಸಂಜೆಯಾಯಿತು. ಕೊನೆಯ ಪುಸ್ತಕದ ಕೊನೆಯ ಬರಹದ ಕೆಳಗೆ ಜಾಗ ಖಾಲಿಯಿತ್ತು. ಯಜಮಾನರು ಅದನ್ನು ತಮ್ಮ ಕಡೆಗೆ ತಿರುಗಿಸಿಕೊಂಡು, ಕನ್ನಡಕ ಸರಿಮಾಡಿಕೊಂಡು, ಅರಕಲಗೂಡಿನ ಮುಂಗಡವನ್ನು ಇನ್ನೂ ಬರೆದೇ ಇಲ್ಲವೆಂದು ಹೇಳಿ ನನ್ನ ಕಡೆ ಕೈ ಚಾಚಿದರು.

"ಪೆನ್ನು ಇದ್ರೆ ಕೊಡಿ ಸ್ವಾಮಿ."